ಅಚ್ಚು ಬಿಟ್ಟೇಳದ ಖಾಲಿ ತೋಟಾದವರಿಗೆ ಒಂದು ವಿನಂತಿ

ಮಾನ್ಯರೇ,

ಉಕ್ಕಿನ ಅಚ್ಚಿನೊಳಗೆ ತಲೆ ತೂರಿಸಿ, ಬುಡವನ್ನು ಮಾತ್ರ ನನ್ನ ಕಡೆ ಮಾಡಿಕೊಂಡು, ಕಳೆದ ಭಾನುವಾರದಿಂದ ವಿಶ್ರಾಂತಿಯಲ್ಲಿರುವ ತಮಗೆ ವಯೋಮಿಂಗಿನ ಈ ಗಾಳಿಯೂರಿನ ವಿಧವೆ ವರ್ನಾ ಹಾಗನ್ ಮಾಡುವ ವಿನಯಪೂರ್ವಕ ನಮಸ್ಕಾರಗಳು. ಒಳಗೆ ತಾವು ಬೆಚ್ಚಗೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತೋಟಾ ಒತ್ತುವ ಪ್ರೆಸ್ಸಿನ ಸನ್ನೆಕೋಲಿಗೆ ಜೋತುಬಿದ್ದ ನನ್ನ ಬಲಭುಜದ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಖಾಲಿ ತೋಟಾಕ್ಕೆ ಪತ್ರ ಬರೆಯುವ ವಾಡಿಕೆ ನಮ್ಮಲ್ಲಿ ಇಲ್ಲ. ಆದರೆ ಊರಿನವರೆಲ್ಲ ತಮ್ಮ ಸುದ್ದಿಯನ್ನು ಈಗಾಗಲೇ ಬಾಯಿಂದ ಬಾಯಿಗೆ ದಾಟಿಸುತ್ತಿರುವುದರಿಂದ, ನಡೆದದ್ದನ್ನು ನಾನೇ ಬರೆದು ಬೇಟೆಗಾರರ ಸಂಘದ ಗೋಡೆಗೆ ಅಂಟಿಸುವುದು ಮೇಲೆಂದು ತೋರಿತು.

ತಾವು ಸಾಮಾನ್ಯ ತೋಟಾ ಅಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೋದ ವರ್ಷದ ಬೇಟೆಯಲ್ಲಿ ನನ್ನ ಗಂಡ ಆರ್ಲಿಸ್ ಕೊನೆಯದಾಗಿ ಹಾರಿಸಿದ ಗುಂಡು ತಮ್ಮ ಬಾಯಿಂದಲೇ ಹೊರಟದ್ದು. ಆ ಗುಂಡಿಗೆ ಬಿದ್ದ ಎಲ್ಕ್ ಜಿಂಕೆ ಚಳಿಗಾಲವಿಡೀ ನಮಗೆ ಊಟವಾಯಿತು, ಆರ್ಲಿಸ್ ಮಾತ್ರ ಮಾರ್ಚ್ ದಾಟಲಿಲ್ಲ. ಅವನ ಕೋಟಿನ ಜೇಬಿನಲ್ಲಿ ತಾವು ನನಗೆ ಸಿಕ್ಕಿರಿ. ಅವನ ಹಳೆಯ ಕೋವಿಗೆ ಒಪ್ಪುವ ತೋಟಾ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾರಿಸಿದ್ದನ್ನೇ ಮನೆಗೆ ತಂದು, ಮತ್ತೆ ಮದ್ದು ತುಂಬಿ, ಹೊಸ ಗುಂಡು ಕೂರಿಸಬೇಕು. ಈ ಶನಿವಾರ ಬೇಟೆ ಶುರುವಾಗುತ್ತದೆ. ಆ ಕೋವಿಯನ್ನು ಹೆಗಲಿಗೇರಿಸಿ ಬೆಟ್ಟ ಹತ್ತುವವಳು ನಾನೇ ಎಂದು ತೀರ್ಮಾನಿಸಿದ್ದೆ. ಅದನ್ನು ಕೇಳಿದ ಮೈದುನ ಡ್ವೇನ್ ತುಂಬ ಕನಿಕರದಿಂದ, “ಇದು ನಿನ್ ಕೈಲಿ ಆಗೋ ಕೆಲಸ ಅಲ್ಲ, ವರ್ನಾ. ಕೋವೀನೂ ಪ್ರೆಸ್ಸೂ ನಂಗೆ ಕೊಟ್ಬಿಡು, ಮಾಂಸ ನಾನೇ ತಂದ್ಹಾಕ್ತೀನಿ” ಎಂದ. ಶನಿವಾರದೊಳಗೆ ತೋಟಾ ತಯಾರಾಗದಿದ್ದರೆ ಎರಡನ್ನೂ ಕೊಡುತ್ತೇನೆಂದು ನಾನೂ ಹುಂಬತನದಿಂದ ಮಾತು ಕೊಟ್ಟುಬಿಟ್ಟೆ. ನನ್ನ ಮಾತು ಈಗ ತಮ್ಮ ಜೊತೆಗೇ ಅಚ್ಚಿನಲ್ಲಿ ಸಿಕ್ಕಿಕೊಂಡಿದೆ.

ಗುಂಡು ಹಾರಿಸಿದ ಮೇಲೆ ತಮ್ಮ ಕುಲದವರ ಮೈ ಉಬ್ಬಿಕೊಳ್ಳುತ್ತದೆಂದೂ, ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತರಬೇಕೆಂದೂ, ಒಣಮೈಯಲ್ಲಿ ಒಳಗೆ ಹೋದವರು ಹೊರಗೆ ಬರುವುದಿಲ್ಲವಾದ್ದರಿಂದ ಮೊದಲು ಜಿಡ್ಡು ಸವರಬೇಕೆಂದೂ ನಾನು ಬಲ್ಲೆ. ಆರ್ಲಿಸ್ ತೋಟಾ ತುಂಬುತ್ತಿದ್ದ ಮೇಜಿನ ಪಕ್ಕದಲ್ಲೇ ಎಷ್ಟೋ ವರ್ಷ ಕೂತವಳು ನಾನು. ಆದರೆ ಆರ್ಲಿಸ್ ಬಳಸುತ್ತಿದ್ದ ಜಿಡ್ಡು ಯಾವುದೆಂದು ಮಾತ್ರ ತಿಳಿಯದು. ಮೇಜಿನ ಖಾನೆಗಳನ್ನೆಲ್ಲ ಬರಿದು ಮಾಡಿ ಹುಡುಕಿದರೂ ಒಂದು ಡಬ್ಬಿ ಸಿಗಲಿಲ್ಲ. ಸಂಘದಲ್ಲಿ ಕೇಳಿದೆ. ಒಬ್ಬರು ಮೇಣವೆಂದರು, ಒಬ್ಬರು ಸಾಬೂನೆಂದರು. ಕ್ಷೌರಿಕರು ಎಂಜಿನ್ ಎಣ್ಣೆ ಸಾಕೆಂದರೆ, ಎಣ್ಣೆ ಹೆಚ್ಚಾದರೆ ತೋಟಾದ ಕತ್ತಿನ ಕೆಳಗಿನ ಹೆಗಲು ತಗ್ಗು ಬೀಳುತ್ತದೆಂದು ಹಾರ್ಡ್‌ವೇರ್ ಅಂಗಡಿಯವರು ಅವರ ಮೇಲೇ ಹರಿಹಾಯ್ದರು. ಹೆಂಡತಿಯನ್ನು ಆರಿಸುವಾಗಲೂ ನಮ್ಮೂರ ಗಂಡಸರು ಇಷ್ಟು ಚರ್ಚೆ ಮಾಡಿದವರಲ್ಲ. ಎಲ್ಲರೂ ಒಪ್ಪಿದ್ದು ಒಂದೇ ಮಾತು, “ಸ್ವಲ್ಪ ಸವರಬೇಕು.” ಆ ಸ್ವಲ್ಪವೆಂದರೆ ಎಷ್ಟೆಂದು ಕೇಳಿದ್ದಕ್ಕೆ ಎಲ್ಲರೂ ಗಡಿಯಾರ ನೋಡಿಕೊಂಡು ಎದ್ದರು.

ಇದೇ ಜಗಳ ಪ್ರತಿವರ್ಷವೂ ನಡೆಯುತ್ತಿತ್ತು. ಆರ್ಲಿಸ್ ಕಾಫಿ ಕುಡಿಯುತ್ತಾ, “ನಮ್ಮನೇಲಿ ಅದನ್ನ ವರ್ನಾ ನೋಡ್ಕೋತಾಳೆ” ಎಂದಷ್ಟೇ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಹಂದಿಕೊಬ್ಬಿನಲ್ಲಿ ಕರಿಯುವ ಆಲೂಗಡ್ಡೆಯನ್ನು ಹಂಗಿಸುತ್ತಿದ್ದಾನೆಂದು ತಿಳಿದು, ಅಂಥ ಸಂಜೆಗಳಲ್ಲಿ ಅವನಿಗೆ ಬೇಯಿಸಿದ ಕೋಸನ್ನೇ ಬಡಿಸುತ್ತಿದ್ದೆ.

ಕೊನೆಗೆ ಅಂಗಡಿಗೆ ಹೋಗಿ ಸಿಂಪಡಿಸುವ ಜಿಡ್ಡಿನ ಡಬ್ಬಿಯೊಂದನ್ನು ತಂದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ “ಕೈಗೆ ಅಂಟುವುದಿಲ್ಲ” ಎಂದು ಬರೆದಿತ್ತು, ಅದಕ್ಕೇ ಮನಸೋತೆ. ಒತ್ತುವ ಮೊದಲು ಒಣಗಲು ಬಿಡಬೇಕೆಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಆಮೇಲೆ ಓದಿದೆ. ಹಿರಿತನಕ್ಕೆ ಮರ್ಯಾದೆ ಕೊಟ್ಟು ಮೊಟ್ಟಮೊದಲು ತಮ್ಮನ್ನೇ ಒಳಗೆ ಕಳಿಸಿದೆ. ತಾವು ಹೋದಿರಿ, ಉಳಿದಿರಿ. ಸನ್ನೆಕೋಲನ್ನು ಹಿಂದಕ್ಕೆ ಜಗ್ಗಿದಾಗ ತಮ್ಮ ಬುಡದ ಅಂಚು ಕಿತ್ತು ಬಂತೇ ಹೊರತು ತಾವು ಬರಲಿಲ್ಲ. ಈ ದೃಢತೆಗೆ ನನ್ನ ಮೆಚ್ಚುಗೆ. ಸೋತ ಮೇಲೂ ಕುರ್ಚಿ ಬಿಡದ ರಾಜಕಾರಣಿಗಳೂ ತಮ್ಮಿಂದ ಪಾಠ ಹೇಳಿಸಿಕೊಳ್ಳಬಹುದು.

ಆದ್ದರಿಂದ ನನ್ನ ಕೆಲವು ಸಣ್ಣ ಬೇಡಿಕೆಗಳನ್ನು ಮುಂದಿಡುತ್ತೇನೆ. ತಾವು ಒಂದು ಕೂದಲೆಳೆಯಷ್ಟು ಬಡವಾಗಬೇಕು. ಆಗದಿದ್ದರೆ ಉಕ್ಕಿಗೆ ಹೇಳಿ ಅದನ್ನಾದರೂ ಹಿಗ್ಗಿಸಬೇಕು. ಅದೂ ಕಷ್ಟವಾದರೆ ಶನಿವಾರವನ್ನು ಮುಂದಿನ ತಿಂಗಳಿಗೆ ತಳ್ಳಿಸಬೇಕು. ಡ್ವೇನ್ ಹೇಳುವ ದಾರಿ ಒಂದೇ, ತಮ್ಮ ಬುಡಕ್ಕೆ ತೂತು ಕೊರೆದು, ತಿರುಪು ಬಿಗಿದು ಎಳೆಯುವುದು. ಅಚ್ಚು ಉಳಿಯುತ್ತದೆ, ತಾವು ಉಳಿಯುವುದಿಲ್ಲ. ಡ್ರಿಲ್ಲನ್ನು ಕೈಯಲ್ಲಿ ಹಿಡಿದು ಮೂರು ಸಲ ಎದ್ದೆ, ಮೂರು ಸಲವೂ ಕೆಳಗಿಟ್ಟು ಪಾತ್ರೆ ತೊಳೆಯಲು ಹೋದೆ. ಆರ್ಲಿಸ್‌ನ ಜೇಬಿನಲ್ಲಿದ್ದದ್ದಕ್ಕೆ ತೂತು ಮಾಡಲು ಕೈ ಬರಲಿಲ್ಲ.

ಹೀಗಿರುವಾಗ ಇಂದು ಮಧ್ಯಾಹ್ನ ಪಕ್ಕದ ಕುರಿಹಟ್ಟಿಯ ಮೈಟೆ ಇಟ್ಚಾರ್ಟ್ ಕುರಿಮಾಂಸದ ಸಾರು ಹಿಡಿದು ಬಂದಳು. ಪಾತ್ರೆ ಕೊಡುವಾಗ ನನ್ನ ಕೈ ನೋಡಿ, “ಯಾಕೆ ಹೀಗೆ ಒಡ್ಕೊಂಡಿದೆ? ನಾ ಕೊಟ್ಟ ಮುಲಾಮು ಮುಗೀತಾ?” ಎಂದಳು. ತನ್ನ ಕುರಿಗಳ ಉಣ್ಣೆಯಿಂದ ಜಿಡ್ಡು ತೆಗೆದು ಅವಳು ಮಾಡುವ ಮುಲಾಮು ಅದು. ಆರ್ಲಿಸ್ ಹೋದಮೇಲೆ ನನ್ನ ಕೈಗಳ ಕಡೆ ಗಮನ ಕೊಟ್ಟಿರಲಿಲ್ಲ. ಮಾತು ಬದಲಿಸಲೆಂದು ತಮ್ಮ ಕಥೆ ಹೇಳಿ, ಆರ್ಲಿಸ್‌ನ ಜಿಡ್ಡು ಯಾವುದೋ ಗೊತ್ತಾಗುತ್ತಿಲ್ಲವೆಂದೆ. ಮೈಟೆ ಕುರ್ಚಿ ಎಳೆದುಕೊಂಡು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಪ್ರತಿ ವರ್ಷ ಎರಡು ಡಬ್ಬಿ ಒಯ್ತಿದ್ದ ಕಣೆ. ಒಂದು ವರ್ನಾ ಕೈಗೆ, ಇನ್ನೊಂದು ತೋಟಾಕ್ಕೆ ಅಂತಿದ್ದ. ಹಾಗಾದ್ರೆ ತೋಟಾದ್ದು ಬೇರೆ ಇಡ್ತೀಯಾ ಅಂತ ನಾ ಕೇಳಿದ್ರೆ, ಇಲ್ಲ, ಅದನ್ನೂ ವರ್ನಾ ಕೈಗೇ ಹಚ್ಚಿಸ್ತೀನಿ ಅಂತಿದ್ದ.”

ಮಾನ್ಯರೇ, ಆಗ ನನಗೆ ಎಲ್ಲವೂ ನೆನಪಾಯಿತು. ರಾತ್ರಿಯೂಟ ಮುಗಿದ ಮೇಲೆ, “ಕೈಗೆ ಮುಲಾಮು ಹಚ್ಕೊಂಡು ಬಾ” ಎನ್ನುತ್ತಿದ್ದ. ನಾನು ಹಚ್ಚಿಕೊಂಡು ಬಂದು ಮೇಜಿನ ಪಕ್ಕ ಕೂತು, ತಮ್ಮ ಕುಲದವರನ್ನು ಒಬ್ಬೊಬ್ಬರಾಗಿ ಅಂಗೈಯಲ್ಲಿ ಹೊರಳಿಸಿ, ಎಲ್ಲಾದರೂ ಸೀಳಿದೆಯೇ ಎಂದು ನೋಡಿ ಅವನಿಗೆ ಕೊಡುತ್ತಿದ್ದೆ. ಸೀಳು ಹುಡುಕುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಊರಿನವರು ಹೇಳುವ ಆ ಸ್ವಲ್ಪವನ್ನು ನನಗೆ ತಿಳಿಯದೆಯೇ ನಾನು ಸವರುತ್ತಿದ್ದೆ. ಅವನಿಗೂ ಎರಡು ಕೈಗಳಿದ್ದವು, ತಾನೇ ಸವರಿಕೊಳ್ಳಬಹುದಿತ್ತು. ಸವರಿಕೊಂಡಿದ್ದರೆ ನಾನು ಪಕ್ಕದಲ್ಲಿ ಕೂರಲು ಏನು ನೆಪವಿತ್ತು?

ಈ ಕಾರಣಕ್ಕೆ ತಮ್ಮ ಮೇಲಿನ ದೂರನ್ನು ಅರ್ಧ ಹಿಂದಕ್ಕೆ ಪಡೆಯುತ್ತಿದ್ದೇನೆ. ನನ್ನ ಮುಲಾಮಿನ ಕೈ ಮುಟ್ಟದೆ ಒಳಗೆ ಹೋದ ಮೊದಲ ತೋಟಾ ತಾವು, ಸಿಟ್ಟಾದದ್ದು ಸರಿಯೇ. ಆದರೂ ತಮ್ಮನ್ನು ಹಾಗೇ ಬಿಟ್ಟರೆ ಕೋವಿಯೂ ಪ್ರೆಸ್ಸೂ ಡ್ವೇನ್ ಮನೆ ಸೇರುತ್ತವೆ. ಜೇಬಿನಲ್ಲಿ ಸಿಕ್ಕಿದ್ದನ್ನು ಉಳಿಸಿಕೊಂಡು ಆ ಮೇಜಿನ ಪಕ್ಕದ ಜಾಗ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಾಳೆ ಬೆಳಿಗ್ಗೆ ಕಾಫಿ ಆದಮೇಲೆ ನಾನೇ ಕೊರೆಯುತ್ತೇನೆ. ದಯವಿಟ್ಟು ಸಹಕರಿಸಬೇಕು.

ಇಂತಿ, ಇನ್ನು ಮುಂದೆ ಕೈ ತೊಳೆಯದೆ ಬರುವ
ತಮ್ಮ ವಿಶ್ವಾಸಿ,
ವರ್ನಾ ಹಾಗನ್

ಆಮೇಲೆ ಸೇರಿಸಿದ ಮಾತು: ತಾವು ಹೊರಗೆ ಬಂದ ರಭಸಕ್ಕೆ ನಾನು ಹಿಂದಕ್ಕೆ ಬಿದ್ದು ಕೂತದ್ದನ್ನು ಯಾರೂ ನೋಡಲಿಲ್ಲ. ಬುಡ ತೂತಾದ ತಮ್ಮನ್ನು ಗಾಡಿಯ ಬೀಗದ ಕೈಗೆ ಪೋಣಿಸಿದ್ದೇನೆ. ಮೈಟೆಯ ಮುಲಾಮು ಹಚ್ಚಿದ ನನ್ನ ಅಂಗೈಯಲ್ಲಿ ಹೊರಳಿದ ತಮ್ಮ ಬಂಧುಗಳೆಲ್ಲ ಬೆಣ್ಣೆಯಂತೆ ಜಾರಿ ಹೋಗಿ ಬಂದರು, ಕುಲದಲ್ಲಿ ಹಟಮಾರಿ ತಾವೊಬ್ಬರೇ ಎಂದು ತಿಳಿಸಲು ಸಂತೋಷವಾಗುತ್ತದೆ. ಶುಕ್ರವಾರ ಸಂಜೆ ಡ್ವೇನ್ ಕೋವಿ ಒಯ್ಯಲು ಖಾಲಿ ಚೀಲ ತಂದಿದ್ದ. ಮೇಜಿನ ಮೇಲೆ ಸಾಲಾಗಿ ನಿಂತ ಹೊಸ ತೋಟಾಗಳನ್ನು ಬಹಳ ಹೊತ್ತು ನೋಡಿ, ಯಾವ ಜಿಡ್ಡು ಬಳಸಿದೆ ಎಂದು ಕೇಳಿದ. ನಾನು ಕಾಫಿ ಕುಡಿಯುತ್ತಾ ಹೇಳಿದೆ, “ನಮ್ಮನೇಲಿ ಅದನ್ನ ವರ್ನಾ ನೋಡ್ಕೋತಾಳೆ.”