ಲೀಡರ್ ಗಾರು ಹೆಣ್ಣು ನೋಡಲು ಹೋದದ್ದು

ಹೇಳಿದ ಮಾತು ಕೇಳುವವನಿಗೆ ಲೋಕ ಹೆಸರಿಡುವ ತೊಂದರೆ ತೆಗೆದುಕೊಂಡಿಲ್ಲ. ಕೇಳದವನಿಗೆ ಮಾತ್ರ ಪ್ರತಿ ಮನೆಯಲ್ಲೂ ಪ್ರತಿ ಆಫೀಸಿನಲ್ಲೂ ಹೆಸರುಗಳು ಸಿದ್ಧವಾಗಿರುತ್ತವೆ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ವಿಶಾಖಪಟ್ಟಣದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ದ್ವಾರಕಾ ನಗರದ ಮಹಡಿ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಧಾರವಾಡದ ಕಡೆಯ ಸಹೋದ್ಯೋಗಿ. ಆ ಊರಿನಲ್ಲಿದ್ದ ಇಂಥ ಹೆಸರುಗಳೆಲ್ಲ ಹೆಚ್ಚುಕಡಿಮೆ ಅವನ ಮೇಲೆಯೇ ಖರ್ಚಾದವು. ಅವನೇನೂ ಕೂಗಾಡುವವನಲ್ಲ. ಏನು ಹೇಳಿದರೂ ‘ಯಾಕ್ರೀ?’ ಎನ್ನುತ್ತಿದ್ದ, ಅಷ್ಟೆ.

ಅವನು ವಿಜಯವಾಡದ ಒಂದು ಮದುವೆಯಲ್ಲಿ ಒಬ್ಬ ಹುಡುಗಿಯನ್ನು ನೋಡಿ ಬಂದಿದ್ದ. ಸಂಜೆ ತಾರಸಿಯ ಮೇಲೆ, ಸಮುದ್ರದ ಗಾಳಿಯಲ್ಲಿ ಚಾಪೆ ಹಾಸಿಕೊಂಡು, ಮದುವೆಯಾದರೆ ಅವಳನ್ನೇ ಎನ್ನುತ್ತಿದ್ದ. ಆ ಮದುವೆ ಈ ಹೆಸರುಗಳ ದೆಸೆಯಿಂದ ತಪ್ಪಿಹೋಗುವುದರಲ್ಲಿತ್ತು.

ಮರ್ಯಾದೆ

ನಮ್ಮ ಮ್ಯಾನೇಜರ್ ತೆಲುಗಿನವರು. ತೆಲುಗಿನಲ್ಲಿ ಬಯ್ದರೆ ನನ್ನ ಗೆಳೆಯನಿಗೆ ನಾಟುವುದಿಲ್ಲವೆಂದು ಕನ್ನಡ ಕಲಿತಿದ್ದರು. ಅವರ ಸಿಟ್ಟು ಏರಿದಂತೆ ಮರ್ಯಾದೆಯೂ ಏರುತ್ತಿತ್ತು. ಸಂತೋಷವಾಗಿದ್ದಾಗ ‘ಒರೇಯ್’, ಸಾಧಾರಣ ದಿನಗಳಲ್ಲಿ ‘ಏಮಯ್ಯಾ’. ಹೆಸರಿನ ಕೊನೆಗೆ, ನಮ್ಮ ‘ಅವರು’ ಇದ್ದ ಹಾಗೆ, ‘ಗಾರು’ ಸೇರಿಸಿದರೆ ಅವತ್ತು ಯಾರದೋ ಗ್ರಹಚಾರ ಕೆಟ್ಟಿದೆ ಎಂದೇ ಲೆಕ್ಕ.

ಹೊರಗಿನ ಬೂಟು ಬಿಟ್ಟು, ಬಿಳಿ ಚಪ್ಪಲಿ ಹಾಕಿಕೊಂಡೇ ಲ್ಯಾಬಿಗೆ ಬರಬೇಕೆಂದು ನಿಯಮ ಮಾಡಿದವರು ಅವರೇ. ಮರುದಿನ ಬೂಟಿನಲ್ಲೇ ಬಂದ ಅವರನ್ನು ಇವನು ಬಾಗಿಲಲ್ಲಿ ತಡೆದ.

‘ಸರ್, ಬೂಟು.’

‘ನಾನು ಮ್ಯಾನೇಜರ್ ಕಣಯ್ಯಾ.’

‘ಹೌದ್ರೀ. ಆದ್ರ ಅದು ಧೂಳಿಗೆ ಗೊತ್ತಿಲ್ರೀ.’

ಅವರು ಬೂಟು ಕಳಚಿದರು. ಉಳಿದಿದ್ದದ್ದು ಹೆಂಗಸರ ಅಳತೆಯ ಒಂದು ಜೊತೆ ಚಪ್ಪಲಿ. ಅದರಲ್ಲಿ ಅರ್ಧ ಪಾದ ತೂರಿಸಿಕೊಂಡು ಇಡೀ ಲ್ಯಾಬು ಸುತ್ತಿದರು. ಹೊರಗೆ ಬಂದು ಕೈಮುಗಿದು, ‘ಹೊರಡಲಾ, ಲೀಡರ್ ಗಾರೂ?’ ಎಂದರು.

ಅಂದಿನಿಂದ ನನ್ನ ಗೆಳೆಯನಿಗೆ ಸಿಕ್ಕಷ್ಟು ಮರ್ಯಾದೆ ಆ ಕಾರ್ಖಾನೆಯಲ್ಲಿ ಡೈರೆಕ್ಟರಿಗೂ ಸಿಕ್ಕಲಿಲ್ಲ.

ಉಪ್ಪಿನಕಾಯಿ

ನಮ್ಮ ಮನೆ ಓನರಮ್ಮ ಬಳ್ಳಾರಿ ಕಡೆಯವರು, ತೆಲುಗು ಮನೆಗೆ ಮದುವೆಯಾಗಿ ಬಂದವರು. ಒಂದು ಬೇಸಿಗೆಯಲ್ಲಿ ಬೀದಿಯ ಕೊನೆಯ ಡಾಕ್ಟರು ಆ ಕಟ್ಟಡದ ಅರ್ಧ ಜನಕ್ಕೆ ಆವಕಾಯಿ ಉಪ್ಪಿನಕಾಯಿ ಮುಟ್ಟಬೇಡಿ ಎಂದರು. ಓನರಿಗೆ ಬಿಪಿ, ಅವರ ಸೊಸೆಗೆ ಹೊಟ್ಟೆಯುರಿ, ನನ್ನ ಗೆಳೆಯನಿಗೆ ಬಾಯಿಹುಣ್ಣು. ಮೂವರೂ ತಿಂದರು. ಹೊಸ ಆವಕಾಯಿ, ಬಿಸಿ ಅನ್ನ, ತುಪ್ಪ. ಡಾಕ್ಟರು ಎದುರಿಗೆ ಕೂತಿದ್ದರೂ ತಿನ್ನುತ್ತಿದ್ದರು.

‘ನಮ್ಮೆಜಮಾನ್ರು ಗಟ್ಟಿ ಮನುಷ್ಯರು, ಯಾವ ಡಾಕ್ಟರಿಗೂ ಹೆದರೋರಲ್ಲ’ ಎಂದರು ಓನರಮ್ಮ. ‘ಸೊಸೆ ಮಾತ್ರ ಮೊಂಡಿ. ಈ ನಿನ್ನ ಫ್ರೆಂಡಂತೂ ಪುಂಡ ಕಣಪ್ಪಾ.’

‘ನಿಮಗೂ ಬಿಪಿ ಅಲ್ವಾ ಅಮ್ಮಾ? ನಿನ್ನೆ ನೀವೂ ತಿಂತಿದ್ರಿ.’

‘ನಾನು ಉಪ್ಪು ಸರಿಯಿದೆಯಾ ಅಂತ ನೋಡ್ತಿದ್ದೆ. ಯಾರಾದ್ರೂ ನೋಡಬೇಕಲ್ಲ?’

ಜಾಡಿ ತಳ ಕಾಣುವವರೆಗೂ ನೋಡಿದರು.

ಸಿಂಹಾಚಲಂ ನೆಪ

ಹುಡುಗಿಯ ತಂದೆ ನಿವೃತ್ತ ರೈಲ್ವೆ ಗಾರ್ಡು. ಅವರ ತಂದೆಯ ಕಾಲದಲ್ಲೇ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ನೆಲೆಸಿದ ಕನ್ನಡದ ಮನೆ. ಗಂಡಿನ ವಿಚಾರಣೆಗೆ ಬರುವವರು ವಿಚಾರಣೆಗೆ ಬಂದೆವು ಎನ್ನುವುದಿಲ್ಲ. ಸಿಂಹಾಚಲಂ ದರ್ಶನಕ್ಕೆ ಬಂದಿದ್ದೆವು, ಹಾಗೇ ಇತ್ತ ಬಂದೆವು ಎನ್ನುತ್ತಾರೆ. ಕೇಳಿಸಿಕೊಂಡವರೂ ಕೆಟ್ಟದ್ದು ಹೇಳುವುದಿಲ್ಲ. ಮದುವೆ ತಪ್ಪಿಸಿದ ಪಾಪ ಯಾರಿಗೆ ಬೇಕು?

ಗೆಳೆಯನ ಪ್ರಸ್ತಾಪ ತಲುಪಿದ ಮೇಲೆ ಗಾರ್ಡೂ ಹಾಗೇ ಬಂದು ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದರು. ‘ಹುಡುಗ ದೊಡ್ಡೋರಿಗೆ ಎದುರು ಮಾತಾಡ್ತಾನೇನು?’

‘ಎದುರು ಮಾತಾ? ಅವನಿಗೆ ಬಾಯೇ ಇಲ್ಲ ಅಂಡಿ’ ಎಂದರು ಮ್ಯಾನೇಜರ್.

‘ಹಸು’ ಎಂದರು ಓನರಮ್ಮ.

‘ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ’ ಎಂದೆ ನಾನು. ಗೆಳೆಯನನ್ನು ಆ ಹೊತ್ತಿಗೆ ಬೀಚಿಗೆ ಕಳಿಸಿದ್ದೆವು. ಇದ್ದಿದ್ದರೆ ಯಾಕೆಂದು ಕೇಳಿಬಿಡುತ್ತಿದ್ದ.

ಗಾರ್ಡು ಸಂತೋಷದಿಂದ ಪ್ರಸಾದ ಕೊಟ್ಟು ಹೋದರು. ಮುಂದಿನ ವಾರ ಎಸ್‌ಟಿಡಿ ಬೂತಿನಿಂದ ಗೆಳೆಯನೇ ಅವರ ಮನೆಗೆ ಫೋನು ಮಾಡಿದ. ಅವರಿಗೆ ಒಪ್ಪಿಗೆ, ಹುಡುಗಿಗೆ ಇಲ್ಲ. ‘ನಮ್ಮಪ್ಪನ ಮಾತಿಗೆ ತಲೆಯಾಡಿಸೋರು ಮನೆ ತುಂಬ ಇದ್ದಾರೆ, ಇನ್ನೊಬ್ಬ ಯಾಕೆ?’ ಅಂದಳಂತೆ.

ಒಬ್ಬ ಮನುಷ್ಯನ ಹೆಸರನ್ನು ಇಷ್ಟು ಒಳ್ಳೆಯ ಮನಸ್ಸಿನಿಂದ ಯಾರೂ ಕೆಡಿಸಿರಲಿಕ್ಕಿಲ್ಲ.

ಸಾಕ್ಷಿ

ಕೆಡಿಸಿದ್ದನ್ನು ಸರಿಮಾಡಲು ಭಾನುವಾರ ಬೆಳಗಿನ ರೈಲು ಹತ್ತಿದೆವು. ಮ್ಯಾನೇಜರ್ ತಾವಾಗಿಯೇ ಬಂದರು. ‘ಇಷ್ಟು ವರ್ಷ ಸಹಿಸಿದ್ದು ನಾನು. ಸಾಕ್ಷಿ ಹೇಳೋ ಹಕ್ಕೂ ನನ್ನದೇ.’

ಭವಾನಿಪುರಂನ ಆ ನಡುಮನೆಯಲ್ಲಿ ಕಾಫಿ ತಂದ ಹುಡುಗಿಯ ಮುಂದೆ ಅವರು ಎದ್ದು ನಿಂತರು. ‘ಅಮ್ಮಾ, ಅವತ್ತು ನಿಮ್ಮ ತಂದೆಯವರಿಗೆ ನಾನು ಹೇಳಿದ್ದು ಸುಳ್ಳು. ಇವನು ಮೊಂಡ. ಉದ್ಧಟ. ಒಂದು ದಿನವೂ ನನ್ನ ಮಾತು ಕೇಳಿದವನಲ್ಲ.’ ಹೇಳುತ್ತ ಹೇಳುತ್ತ ಒಂದೊಂದಕ್ಕೂ ಬೆರಳು ಮಡಿಚಿದರು. ಇದರಲ್ಲಿ ನಟನೆ ಇರಲಿಲ್ಲ. ಗಂಡಿನ ಕಡೆಯವರು ಗಂಡನ್ನು ಹೀಗೆ ಬಯ್ದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ನನ್ನ ಕಡೆಯಿಂದ ‘ತಲೆಹರಟೆ’ ಎಂಬುದನ್ನು ಸೇರಿಸಿದೆ.

ಹುಡುಗಿಯ ಮುಖ ಅರಳಿತು. ಗಾರ್ಡರ ಮುಖ ಬಾಡಿತು. ‘ಇಂಥ ಅಳಿಯ ನಮಗೆ ಬೇಡ’ ಎಂದು ಅವರು ಏಳಹೊರಟರು.

‘ಕೂತ್ಕೋ ನಾನ್ನಾ, ನಾನು ಕೇಳ್ತೀನಿ’ ಎಂದು ತಂದೆಯನ್ನು ಕೂರಿಸಿ ಅವಳು ಗೆಳೆಯನ ಕಡೆ ತಿರುಗಿದಳು. ‘ಏನಂಡೀ, ಇವರು ಹೇಳೋದು ನಿಜವಾ? ನೀವು ಯಾರ ಮಾತೂ ಕೇಳಲ್ವಾ?’

ನಿಜ ಎಂದರೆ ತಂದೆ ಏಳುತ್ತಾರೆ, ಸುಳ್ಳು ಎಂದರೆ ಮಗಳು ಒಳಗೆ ಹೋಗುತ್ತಾಳೆ. ಗೆಳೆಯ ಅವಳನ್ನೇ ನೋಡಿದ.

‘ನೀವು ಹೆಂಗ ಅಂತೀರಿ ಹಂಗ್ರೀ.’

ಅವಳು ಹುಬ್ಬು ಗಂಟಿಕ್ಕಿದಳು. ‘ಹೀಗೇ ಎಲ್ಲರಿಗೂ ಹೇಳ್ತೀರಾ?’

‘ಇಲ್ರೀ. ಹುಟ್ಟಿದಾಗಿಂದ ಇದ ಮೊದಲ್ರೀ.’

ಹುಡುಗಿ ನಕ್ಕಳು. ತಂದೆ, ಮನೆಯಲ್ಲಿ ಒಬ್ಬರ ಮಾತಾದರೂ ಕೇಳುತ್ತಾನಲ್ಲ ಎಂದು ಕಾಫಿ ಲೋಟ ಕೈಗೆತ್ತಿಕೊಂಡರು. ಮದುವೆ ಗಟ್ಟಿಯಾಯಿತೆಂದು ಎಲ್ಲರಿಗೂ ಗೊತ್ತಾಯಿತು. ಮ್ಯಾನೇಜರ್ ಮಾತ್ರ ನಿಂತೇ ಇದ್ದರು. ಮೆಲ್ಲಗೆ ಗೆಳೆಯನ ಹತ್ತಿರ ಬಂದು ಅವನ ಭುಜ ಹಿಡಿದರು.

‘ಆ “ಹಂಗ್ರೀ” ಅನ್ನೋದನ್ನ ಇನ್ನೊಂದೇ ಒಂದು ಸಲ, ನನ್ನ ಕಡೆ ತಿರುಗಿ ಹೇಳಯ್ಯಾ.’