ಬೀಟಾ ಪಾಳಯದ ಕೊನೆಯ ಸೇನಾಪತಿ

"ನಾನಿರೋವರೆಗೂ ಆ ಇಟ್ಟಿಗೆ ಈ ಹೊಸ್ತಿಲು ದಾಟಕೂಡದು!" ಎಂದು ಗಡಿಯಾರ ರಿಪೇರಿಯವರು ಹೆಂಡತಿಯ ಮುಂದೆ ಶಪಥ ಮಾಡಿದ್ದರು.

ಇಟ್ಟಿಗೆ ಎಂದರೆ ವಿ.ಎಚ್.ಎಸ್. ಕ್ಯಾಸೆಟ್ಟು. ಮನೆಮನೆಗೆ ವಿಡಿಯೋ ಮೆಷಿನ್ ಬರುತ್ತಿದ್ದ ಆ ಚೆಂದದ ಕಾಲದಲ್ಲಿ ಪ್ರಪಂಚವೇ ಎರಡು ಪಾಲಾಗಿತ್ತು. ಒಂದು ಪಾಳಯ ಬೀಟಾ, ಇನ್ನೊಂದು ವಿ.ಎಚ್.ಎಸ್. ಒಂದರ ಕ್ಯಾಸೆಟ್ಟು ಇನ್ನೊಂದರ ಬಾಯಿಗೆ ಹಿಡಿಸದು. ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂರುವ ಗಡಿಯಾರದವರು, ಚಿತ್ರ ಸ್ಪಷ್ಟ, ಕ್ಯಾಸೆಟ್ಟು ಚಿಕ್ಕದು ಎಂದು ಬೀಟಾ ತಂದರು. ತಂದ ದಿನ ಇಡೀ ಬೀದಿ ಅವರ ನಡುಮನೆಯಲ್ಲಿತ್ತು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡ, ಕಿಟಕಿಯಲ್ಲಿ ಮೂಗುಗಳ ಸಾಲು! ಹೆಂಡತಿ ಮೆಷಿನ್ನಿಗೆ ಕಸೂತಿ ಹಾಕಿದ ಗವಸು ಹೊಲಿದಿದ್ದರು.

ಆ ವೈಭವಕ್ಕೆ ಕಲ್ಲು ಹಾಕಿದವನು ಹೆಂಡತಿಯ ತಮ್ಮ. ಎರಡು ಬೀದಿ ಆಚೆ ಇದ್ದ ಅವನು ವಿ.ಎಚ್.ಎಸ್. ತಂದ.

"ಭಾವ, ಬೀಟಾನ ಬಿಟ್ಹಾಕಿ! ವಿಡಿಯೋ ಲೈಬ್ರರೀಲಿ ಈಗೆಲ್ಲಾ ನಮ್ದೇ ಬರ್ತಿದೆ."

"ಗೋಡೆ ಗಡಿಯಾರ ದೊಡ್ಡದು ಅಂತ ಯಾರಾದ್ರೂ ಕೈಗೆ ಕಟ್ಕೊಳ್ತಾರೇನೋ?"

ಮಾತಿನಲ್ಲಿ ಗೆದ್ದರು, ಲೈಬ್ರರಿಯಲ್ಲಿ ಸೋತರು. ಗೋಡೆ ತುಂಬ ಇದ್ದ ಬೀಟಾ ಕ್ಯಾಸೆಟ್ಟುಗಳು ಮೊದಲು ಒಂದು ಶೆಲ್ಫಿಗೆ ಇಳಿದವು, ಆಮೇಲೆ ಒಂದು ಬಿಸ್ಕತ್ತಿನ ಡಬ್ಬಕ್ಕೆ. ಉಳಿದವುಗಳಲ್ಲಿ ನೋಡುವಂಥದ್ದು ಈಜು ಕಲಿಸುವ ಪಾಠವೊಂದೇ. ಅದನ್ನೇ ಏಳು ಸಲ ನೋಡಿ ಮನೆಮಂದಿಯೆಲ್ಲ ನೀರಿಲ್ಲದೆ ಈಜು ಕಲಿತರು!

ಅಷ್ಟರಲ್ಲಿ ಮಗಳು ಶಾಲೆಯ ನಾಟಕದಲ್ಲಿ ರಾಣಿಯಾದಳು. ವಿಡಿಯೋ ತೆಗೆದ ಫೋಟೋಗ್ರಾಫರ್ ತಂದುಕೊಟ್ಟದ್ದು ವಿ.ಎಚ್.ಎಸ್.!

"ಬೀಟಾದಲ್ಲಿ ಕೊಡಪ್ಪಾ."

"ಊರಲ್ಲಿ ಅದನ್ನ ಕೇಳೋರು ನೀವೊಬ್ರೇ ಸಾರ್. ಇರೋದು ಇದೊಂದೇ ಪ್ರತಿ, ಜೋಪಾನ."

"ತಮ್ಮನ ಮನೇಲಿ ನೋಡೋಣ ರೀ, ಐದು ನಿಮಿಷದ ದಾರಿ" ಎಂದರು ಹೆಂಡತಿ.

"ಶತ್ರುವಿನ ಕೋಟೆಗೆ ಕೈಕಟ್ಟಿಕೊಂಡು ಹೋಗೋದಾ? ಸ್ಕ್ರೂಡ್ರೈವರ್ ಕೊಡೇ!"

ಭಾನುವಾರ ಬೆಳಿಗ್ಗೆ ಇಟ್ಟಿಗೆಯ ಐದು ಸ್ಕ್ರೂ ಬಿಚ್ಚಿ ಒಳಗೆ ನೋಡಿದವರು ಕುಣಿದಾಡಿಬಿಟ್ಟರು. "ಟೇಪಿನ ಅಗಲ ಒಂದೇ ಕಣೇ! ಅಂಗಿ ಬೇರೆ, ಮೈ ಒಂದೇ!" ಸರಿ, ಇಟ್ಟಿಗೆಯ ಟೇಪನ್ನು ಬೀಟಾದ ಸುರುಳಿಗೆ ಸುತ್ತತೊಡಗಿದರು. ಅರ್ಧ ದಾರಿಯಲ್ಲಿ ಸುರುಳಿ ಕೈಜಾರಿತು. ರಾಣಿಯ ಸಾಮ್ರಾಜ್ಯ ಕುರ್ಚಿಯ ಕಾಲು, ಮಂಚದ ಕಾಲು ಸುತ್ತಿಕೊಂಡು ಅಡಿಗೆಮನೆವರೆಗೂ ಹಬ್ಬಿತು!

ಹೇಗೋ ಸುತ್ತಿ ಮೆಷಿನ್ನಿಗೆ ಹಾಕಿದರೆ ಪರದೆಯ ತುಂಬ ಬರೀ ಚುಕ್ಕೆ, ಬರೀ ಸೊಯ್ ಸದ್ದು. ಟೇಪು ಒಂದೇ ಆದರೂ ಬರೆದ ಲಿಪಿ ಬೇರೆ.

"ಅಪ್ಪಾ, ನಾನೆಲ್ಲಿ?" ಮಗಳು ಪರದೆಗೆ ಮೂಗು ತಾಗಿಸಿ ಹುಡುಕಿದಳು.

ಗಡಿಯಾರದವರು ಮತ್ತೆ ಸ್ಕ್ರೂಡ್ರೈವರ್ ಹಿಡಿದರು. ಊಟ ಬಿಟ್ಟು, ಒಂದೊಂದು ಸುಕ್ಕನ್ನೂ ಬೆರಳಲ್ಲಿ ನೀವಿ, ಸಂಜೆಯವರೆಗೆ ಕೂತು ಟೇಪನ್ನು ಇಟ್ಟಿಗೆಯೊಳಗೆ ವಾಪಸು ತುಂಬಿದರು. ಅದನ್ನು ಕಂಕುಳಲ್ಲಿ ಅವುಚಿಕೊಂಡು, ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ಭಾವಮೈದನ ಮನೆಯ ಕದ ತಟ್ಟಿದರು. ಅವನು ಒಂದೇ ಒಂದು ಕೊಂಕು ಮಾತಾಡಲಿಲ್ಲ. "ಬನ್ನಿ ಭಾವ" ಎಂದ. ಅದೇ ಹೆಚ್ಚು ಚುಚ್ಚಿತು.

ಮೊದಲು ಗೀರುಗಳು ಓಡಿದವು. ಆಮೇಲೆ ಕಾಗದದ ಕಿರೀಟ ತೊಟ್ಟ ರಾಣಿ ಬಂದೇಬಿಟ್ಟಳು! ಗಡಿಯಾರದವರ ಕಣ್ಣು ಒದ್ದೆಯಾಯಿತು. ಚಿತ್ರ ಅಲುಗಿತು. ತಕ್ಷಣ ಮಗಳು ಎದ್ದು, ಯಾರನ್ನೂ ಕೇಳದೆ ಮೆಷಿನ್ನಿನ ಸಣ್ಣ ಮುಚ್ಚಳ ತೆಗೆದು ಒಂದು ಗುಂಡಿ ತಿರುಗಿಸಿದಳು. ಚಿತ್ರದ ಅಲುಗಾಟ ನಿಂತಿತು.

"ಇದೆಲ್ಲಾ ನಿನಗೆ ಹೇಗಮ್ಮಾ ಗೊತ್ತು?"

ಮಗಳು ತುಟಿ ಕಚ್ಚಿಕೊಂಡಳು. ಭಾವಮೈದ ಸೂರು ನೋಡತೊಡಗಿದ.

"ನೀವು ಅಂಗಡಿಗೆ ಹೋದ್ಮೇಲೆ ಪ್ರತಿ ಶನಿವಾರ ಇಲ್ಲಿ ಪಿಕ್ಚರ್ ನೋಡ್ತೀವಿ ರೀ" ಎಂದರು ಹೆಂಡತಿ. "ಎರಡು ವರ್ಷ ಆಯ್ತು."

"ನೀವಿಬ್ಬರೇನಾ?"

"ನಮ್ಮ ಬೀದಿಯವರೆಲ್ಲಾ."

ಗಡಿಯಾರದವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು: "ಬರೋ ಶನಿವಾರ... ನಾನೂ ಬರಬಹುದಾ?"

ಹೆಂಡತಿ ಕೊಂಚ ಯೋಚಿಸಿದರು. "ಬನ್ನಿ. ಆದ್ರೆ ಕುರ್ಚಿ ಮನೆಯಿಂದ್ಲೇ ತಗೊಂಡ್ ಬರ್ಬೇಕು. ಮುಂದಿನ ಸಾಲೆಲ್ಲಾ ಹಳಬರದು!"