ಕರಿಮಡ್ಡಿ ಪ್ರವಾಸವೂ ಒಬ್ಬ ದುಭಾಷಿಯೂ

ಕೇರಳದವರ ಹಸಿರಿನ ಸೊಕ್ಕು ಮುರಿದೇ ತೀರಬೇಕೆಂದು ಬ್ಯಾಂಕ್ ಅಧಿಕಾರಿ ಕಾಶೀನಾಥ ಪಣ ತೊಟ್ಟಿದ್ದು ಕೊಚ್ಚಿಯ ತನ್ನ ಅಪಾರ್ಟ್‌ಮೆಂಟಿನ ಕ್ರಿಸ್‌ಮಸ್ ಕೂಟದಲ್ಲಿ, ಎರಡನೆಯ ತುಂಡು ಕೇಕು ಬಾಯಲ್ಲಿರುವಾಗ.

"ತೆಂಗು, ಹಿನ್ನೀರು, ಮತ್ತೆ ತೆಂಗು! ಹತ್ತು ಮಾರು ಆಚೆ ಏನಿದೆಯೆಂದೇ ಕಾಣುವುದಿಲ್ಲ ನಿಮಗೆ. ನಮ್ಮ ಕರಿಮಡ್ಡಿಗೆ ಬನ್ನಿ. ಗದಗಿನ ಆಚೆಯ ಎರೆಸೀಮೆ. ಅಲ್ಲಿ ನಿಂತರೆ ನಾಳೆ ಬರುವ ಬಸ್ಸು ಇವತ್ತೇ ಕಾಣುತ್ತದೆ!" ಎಂದು ಹದಿನೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕಲಿತ ಮಲಯಾಳದಲ್ಲಿ ಘೋಷಿಸಿದ.

ಎಲ್ಲರೂ ನಕ್ಕರು. ಎರಡನೆಯ ಮಹಡಿಯ ನಿವೃತ್ತ ಅಧ್ಯಾಪಿಕೆ ಓಮನ ಟೀಚರ್ ಮಾತ್ರ ನಗಲಿಲ್ಲ. ಪರ್ಸಿನಿಂದ ಪುಟ್ಟ ನೋಟ್‌ಬುಕ್ ತೆಗೆದರು.

"ಜನವರಿಯಲ್ಲಿ ಹೋಗಬಹುದಾ ಸಾರೇ?"

"ಹೋಗಬಹುದಾ ಅಂದರೇನು ಟೀಚರ್! ಬಸ್‌ಸ್ಟ್ಯಾಂಡಿನಲ್ಲಿ ಇಳಿದು 'ಬ್ಯಾಂಕಿನ ಕಾಶೀನಾಥ' ಅನ್ನಿ. ಊರಿಗೆ ಊರೇ ಎದ್ದು ಬರುತ್ತದೆ!"

ಮನೆಗೆ ಬಂದ ಮೇಲೆ ಹೆಂಡತಿ ಸುಮಿತ್ರ ಕೇಳಿದಳು: "ಊರು ಎದ್ದು ಬರೂದು ಇರ್ಲಿ. ನೀವು ಊರಿಗೆ ಹೋಗಿ ಒಂಬತ್ತ ವರ್ಷ ಆತು, ನೆನಪೈತೇನ್ರಿ?"

"ಊರೇನು ಎಲ್ಲಿಗೂ ಓಡಿ ಹೋಗೂದಿಲ್ಲ ತಗೋ!"

ಕಾಶೀನಾಥ ಒಂದಿಡೀ ಭಾನುವಾರ ಕೂತು ನಕ್ಷೆ ಬರೆದ. ಕೆರೆ, ಟಾಕೀಸು, ಟಾಕೀಸಿನ ಎದುರು ಬೇವಿನ ಮರ, ಮರದಿಂದ ಎಡಕ್ಕೆ ತಿರುಗಿದರೆ ಭೂಮಿ ಆಕಾಶ ಕೂಡುವ ಜಾಗ. ಟೀಚರೂ ಅವರ ಯಜಮಾನರೂ ನಕ್ಷೆ ಹಿಡಿದು ಕರಿಮಡ್ಡಿಯಲ್ಲಿ ಇಳಿದರು. ಮಧ್ಯಾಹ್ನ ಫೋನ್ ಬಂತು.

"ಸಾರೇ, ಕೆರೆ ಎಲ್ಲಿ?"

"ಬಸ್‌ಸ್ಟ್ಯಾಂಡಿನ ಹಿಂದೆಯೇ ಟೀಚರ್."

"ಬಸ್‌ಸ್ಟ್ಯಾಂಡೇ ಕೆರೆಯೊಳಗಿದೆಯಂತೆ! ಟಾಕೀಸು ಈಗ ಕಲ್ಯಾಣ ಮಂಟಪ. ಬೇವಿನ ಮರ ಕೇಳಿದರೆ ಜನ ನಮ್ಮ ಮುಖ ನೋಡುತ್ತಾರೆ."

"ನನ್ನ ಹೆಸರು ಹೇಳಿದಿರಾ?"

"ಹೇಳಿದೆವು. ಒಬ್ಬ ಕಾಶೀನಾಥ ಜೆಸಿಬಿ ಓಡಿಸುತ್ತಾನಂತೆ. ಇನ್ನೊಬ್ಬರು ಈಚೆಗೆ ತೀರಿಕೊಂಡರಂತೆ. ನಮ್ಮನ್ನು ಆ ತೀರಿಕೊಂಡವರ ಮನೆಗೆ ಕರಕೊಂಡು ಬಂದಿದ್ದಾರೆ. ಇವತ್ತು ತಿಥಿ. ಊಟಕ್ಕೆ ಕೂರಿಸಿಬಿಟ್ಟರು. ವಡೆ ಚೆನ್ನಾಗಿದೆ ಸಾರೇ."

ಸುಮಿತ್ರ ಸೆರಗು ಬಾಯಿಗೆ ತುರುಕಿಕೊಂಡಳು. "ಅಂತೂ ನಿಮ್ಮ ತಿಥಿ ಊಟ ಮುಗೀತು ಬಿಡ್ರಿ!"

ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಒಬ್ಬ ಮನುಷ್ಯ 'ಕೊಚ್ಚಿ', 'ಬ್ಯಾಂಕು' ಎಂಬ ಎರಡು ಮಾತು ಕೇಳಿ ಎಲೆ ಬಿಟ್ಟು ಎದ್ದನಂತೆ. ಆತ ನಟರಾಜ, ಕಾಶೀನಾಥನ ಜೊತೆ ಒಂದನೆಯ ಇಯತ್ತೆಯಿಂದ ಹತ್ತನೆಯವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಅವನಿಗೆ ಮಲಯಾಳ ಬಾರದು, ಇವರಿಗೆ ಕನ್ನಡ ಬಾರದು. ಆದರೂ ಎರಡು ದಿನ ತನ್ನ ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ಸುತ್ತಿಸಿದ. ಬಿಳಿಜೋಳದ ತೆನೆ ಸುಟ್ಟು ಸೀತನಿ ತಿನ್ನಿಸಿದ, ಕಡಲೆ ಹೊಲದಲ್ಲಿ ಓಡುವ ಜಿಂಕೆ ತೋರಿಸಿದ. ಸಂಜೆ ಬಯಲಿನಂಚಿಗೆ ಸೂರ್ಯ ಮುಟ್ಟುವಾಗ ಗಾಡಿ ನಿಲ್ಲಿಸಿ, ಇಳಿದು, ಸುಮ್ಮನೆ ಪಕ್ಕದಲ್ಲಿ ನಿಂತ.

ಕೊಚ್ಚಿಗೆ ಮರಳಿದ ಟೀಚರ್ ಇದನ್ನೆಲ್ಲ ಹೇಳುತ್ತ ಹೇಳುತ್ತ ತಟ್ಟನೆ ನಿಲ್ಲಿಸಿದರು.

"ಒಂದು ಮಾತು ಅರ್ಥವಾಗಲಿಲ್ಲ ಸಾರೇ. ಅವರ ಫೋನಿನಲ್ಲಿ ಮಟ್ಟಾಂಚೇರಿಯ ಫೋಟೋ ಇತ್ತು. ಕೊಚ್ಚಿಗೆ ಬಂದಿದ್ದಿರಾ ಅಂತ ಸನ್ನೆಯಲ್ಲಿ ಕೇಳಿದೆ. ಮಗಳು ಕೃತಿಗೆ ಫೋನ್ ಮಾಡಿ ಕೊಟ್ಟರು, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವಳನ್ನು ತಿರುವನಂತಪುರದ ಶ್ರೀಕಾರ್ಯಂನ ಗೆಡ್ಡೆಗೆಣಸಿನ ಸಂಶೋಧನಾಲಯಕ್ಕೆ ಓದಲು ಬಿಟ್ಟು ವಾಪಸ್ ಹೋಗುವಾಗ ಇಳಿದಿದ್ದರಂತೆ. ಫೋನ್ ಇಟ್ಟ ಮೇಲೆ ಹೀಗೆ ಕೈ ಕಿವಿಗಿಟ್ಟು, ಹತ್ತು ಬೆರಳು ತೋರಿಸಿದರು. ಮತ್ತೊಂದು ಬೆರಳು. ಆಮೇಲೆ ನಕ್ಕರು. ಏನದು?"

ಕಾಶೀನಾಥನಿಗೆ ಅರ್ಥವಾಯಿತು. ಅದಕ್ಕಿಂತ ಬೇಗ ಸುಮಿತ್ರಳಿಗೆ ಅರ್ಥವಾಯಿತು. ಹೋದ ವರ್ಷ ಒಂದು ಶನಿವಾರ ಹನ್ನೊಂದು ಸಲ ಫೋನ್ ಬಡಿದುಕೊಂಡಿತ್ತು. "ಯಾರ್ರೀ ಅದು?" ಎಂದು ಅವಳು ಕೇಳಿದ್ದಳು. "ಊರಿನವರು. ಏನರೆ ಕೆಲಸ ಹಚ್ಚತಾರ. ಮೀಟಿಂಗ್ ಅಂದ್ರಾತು," ಎಂದಿದ್ದ. ಅವತ್ತು ಮೀಟಿಂಗ್ ಇರಲಿಲ್ಲ. ಸೋಫಾ ಇತ್ತು, ಕ್ರಿಕೆಟ್ಟಿತ್ತು! ನಟರಾಜನಿಗೆ ಬೇಕಾಗಿದ್ದದ್ದು ಒಂದು ಲೋಟ ಚಹಾ. ಬಯಲುಸೀಮೆಯವನ ಬಂಡವಾಳ ಹೀಗೆ ಬಯಲಾಯಿತು.

ಆ ವಾರ ಕಾಶೀನಾಥ ನಾಲ್ಕು ಸಲ ನಟರಾಜನ ನಂಬರು ತೆಗೆದ. ಏನು ಹೇಳುವುದೆಂದು ತಿಳಿಯದೆ ನಾಲ್ಕು ಸಲವೂ ಫೋನ್ ಕೆಳಗಿಟ್ಟ. ಅಷ್ಟರಲ್ಲಿ ಟೀಚರ್ ಬಾಗಿಲು ತಟ್ಟಿದರು.

"ಕೃತಿ ಫೋನ್ ಮಾಡಿದ್ದಳು. ಮುಂದಿನ ತಿಂಗಳು ನಟರಾಜ್ ಮಗಳನ್ನು ನೋಡಲು ತಿರುವನಂತಪುರಕ್ಕೆ ಬರುತ್ತಾರೆ. ದಾರಿಯಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಇಳಿಯುತ್ತಾರೆ. ನೀವಿಬ್ಬರೂ ಊಟಕ್ಕೆ ಬರಬೇಕು. ನೀವು ದುಭಾಷಿಯಾಗಿ ಸಾರೇ. ಪುರುಸೊತ್ತಿದ್ದರೆ ಮಾತ್ರ!"

ಆ ದಿನ ಕಾಶೀನಾಥ ರಜೆ ಹಾಕಿದ. ನಟರಾಜ ಬಂದ, ಕೂದಲು ಅರ್ಧ ಬೆಳ್ಳಗಾಗಿತ್ತು. ಬಾಳೆಲೆಯ ಮುಂದೆ ಅಕ್ಕಪಕ್ಕ ಕೂತರು. ವಾರದಿಂದ ಉರು ಹೊಡೆದ ಕ್ಷಮೆಯ ಮಾತನ್ನು ಕಾಶೀನಾಥ ಹೇಗೋ ಶುರು ಮಾಡಿದ.

"ನಟ್ಯಾ, ಅವತ್ತ ನಾ ಫೋನು…"

"ಇರ್ಲಿ ಬಿಡೋ ಮಾರಾಯ. ಆರಾಮದೀಯಿಲ್ಲೋ?"

ಟೀಚರ್ ಉತ್ಸಾಹದಿಂದ ಕೇಳಿದರು: "ಸಾರೇ, ಅವರನ್ನು ಕೇಳಿ. ನಮ್ಮ ಕಾಶೀನಾಥ್ ಸಾರ್ ಸಣ್ಣವರಿದ್ದಾಗ ಹೇಗಿದ್ದರು?"

ಕಾಶೀನಾಥ ಕೇಳಿದ. ನಟರಾಜ ಅನ್ನ ಕಲಸುತ್ತ ನಗುತ್ತಲೇ ಹೇಳಿದ:

"ಬಾಳ ಚೊಲೊ ಹುಡುಗ ಅಂತ ಹೇಳು. ಓಣಿಯಾಗ ನಿಂತು ಒಂದ ಸಲ ಕೂಗಿದ್ರ ಸಾಕು, ಉಣ್ಣೂದು ಬಿಟ್ಟು ಎಂಜಲಗೈಲೇ ಓಡಿ ಬರತಿದ್ದ."

ಟೀಚರೂ ಯಜಮಾನರೂ ಕುತ್ತಿಗೆ ಚಾಚಿ ಕಾಯುತ್ತಿದ್ದರು. ದುಭಾಷಿ ಎಲೆಯನ್ನೇ ನೋಡುತ್ತ ಮಲಯಾಳದಲ್ಲಿ ಹೇಳಿದ: "ಅವಿಯಲ್… ಅವಿಯಲ್ ತುಂಬ ರುಚಿಯಾಗಿದೆಯಂತೆ."

"ಅವಿಯಲ್ ಇನ್ನೂ ಬಡಿಸೇ ಇಲ್ಲವಲ್ಲ ಸಾರೇ!"

ಟೀಚರಿಗೆ ನೆರವಾಗಿ ಬಡಿಸಲು ಪಾತ್ರೆ ಹಿಡಿದು ಬಂದಿದ್ದ ಸುಮಿತ್ರ ಗಂಡನ ಮುಖ ನೋಡಿದಳು. ಪಾತ್ರೆ ಕೆಳಗಿಟ್ಟಳು. ನಟರಾಜ ಹೇಳಿದ್ದನ್ನು, ಒಂದಕ್ಷರ ಬಿಡದೆ, ಅವಳೇ ಮಲಯಾಳದಲ್ಲಿ ಹೇಳಿದಳು.